ಅವರಿಗೆ ‘ಹೋಯ್ತು’, ಇವರಿಗೆ ‘ಬಂದಿಲ್ಲ’: ಒಂದು ಮೇಲ್ ಸರ್ವರ್ ಪ್ರಕರಣ

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಒಂದು ಫ್ಯಾಕ್ಟರಿ ಇದೆ. ತೆಂಗಿನಕಾಯಿ ಒಡೆದು, ಕಂದು ಸಿಪ್ಪೆ ಹೆರೆದು, ತುರಿದು, ಒಣಗಿಸಿ ಪುಡಿ ಮಾಡುತ್ತಾರೆ. ಬಿಸ್ಕತ್ತು, ಸಿಹಿತಿಂಡಿ ಮಾಡುವ ಕಂಪನಿಗಳು ಅದನ್ನು ಕೊಳ್ಳುತ್ತವೆ. ಊರಿನ ಹೆಸರು, ಫ್ಯಾಕ್ಟರಿ ಹೆಸರು, ಅಲ್ಲಿನ ಜನರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನೂ ಬದಲಾಯಿಸಿದ್ದೇನೆ. ಆದರೆ ಸರ್ವರ್ ಒಳಗೆ ನಡೆದದ್ದು ಮತ್ತು ನಾವು ತೆಗೆದುಕೊಂಡ ತೀರ್ಮಾನಗಳು ಇದ್ದ ಹಾಗೇ ಇವೆ. ಆ ಮೇಲ್ ಸರ್ವರ್ ಹಾಕಿಕೊಟ್ಟವನು ನಾನು. ತಪ್ಪಿನ ದೊಡ್ಡ ಪಾಲು ನನ್ನದೇ. ಬೇರೆಯವರಿಗೆ ಹೀಗಾಗದಿರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಆಫೀಸಿನಲ್ಲಿ ಹತ್ತು ಹನ್ನೆರಡು ಮೇಲ್ ಬಾಕ್ಸ್‌ಗಳು. ಸರ್ವರ್‌ನಲ್ಲಿ ಮೂರು ಪ್ರೋಗ್ರಾಂಗಳು ಒಂದರ ಹಿಂದೊಂದು ಕೆಲಸ ಮಾಡುತ್ತವೆ. ಪೋಸ್ಟ್‌ಫಿಕ್ಸ್ ಹೊರಗಿನಿಂದ ಬಂದ ಮೇಲನ್ನು ಬಾಗಿಲಲ್ಲಿ ತೆಗೆದುಕೊಳ್ಳುತ್ತದೆ. ಅಮಾವಿಸ್ ಅದನ್ನು ಬಿಚ್ಚಿ, ಅಟ್ಯಾಚ್‌ಮೆಂಟುಗಳನ್ನು ಬೇರೆ ಮಾಡಿ ಕ್ಲ್ಯಾಮ್‌ಎವಿಗೆ ಕೊಡುತ್ತದೆ. ವೈರಸ್ ಹುಡುಕುವುದು ಕ್ಲ್ಯಾಮ್‌ಎವಿ. ಅದು ಸರಿ ಇದೆ ಅಂದರೆ ಮೇಲ್ ಇನ್‌ಬಾಕ್ಸ್ ಸೇರುತ್ತದೆ. ಇಲ್ಲ ಅಂದರೆ ಕ್ವಾರಂಟೈನ್ ಎಂಬ ಫೋಲ್ಡರಿನಲ್ಲಿ ಕೂರುತ್ತದೆ. ಮೂರೂ ಉಚಿತ ಸಾಫ್ಟ್‌ವೇರ್. ಸಣ್ಣ ಕಂಪನಿಗಳಲ್ಲಿ ಈ ಜೋಡಣೆ ತುಂಬಾ ಸಾಮಾನ್ಯ.

2022ರಲ್ಲಿ ಅಲ್ಲೊಂದು ಪೆಟ್ಟು ಬಿದ್ದಿತ್ತು. ಲೆಕ್ಕದ ವಿಭಾಗದಲ್ಲಿ ಒಬ್ಬರು ಬಿಲ್ ಅಂದುಕೊಂಡು ಒಂದು ಫೈಲ್ ತೆರೆದರು. ಅದರಲ್ಲಿ ಮ್ಯಾಕ್ರೋ ಇತ್ತು. ಮ್ಯಾಕ್ರೋ ಅಂದರೆ ಎಕ್ಸೆಲ್, ವರ್ಡ್ ಫೈಲ್ ಒಳಗೇ ಕೂತಿರುವ ಸಣ್ಣ ಪ್ರೋಗ್ರಾಂ. ಅದು ಪಾಸ್‌ವರ್ಡ್ ಕದ್ದಿತು. ಎರಡು ದಿನ ಅವರ ಹೆಸರಿನಲ್ಲಿ ಊರಿಗೆಲ್ಲ ಕಸದ ಮೇಲ್ ಹೋಯಿತು. ಕ್ಲ್ಯಾಮ್‌ಎವಿ ಅದನ್ನು ಹಿಡಿದಿರಲಿಲ್ಲ. ಹೊಸ ವೈರಸ್ಸಿನ ಗುರುತು ಅದರ ಪಟ್ಟಿಗೆ ಸೇರುವ ಮೊದಲೇ ಫೈಲ್ ನಮ್ಮಲ್ಲಿಗೆ ಬಂದಾಗಿತ್ತು.

ಆ ಹೆದರಿಕೆಯಲ್ಲಿ ನಾನು ಕ್ಲ್ಯಾಮ್‌ಎವಿಯ ಎರಡು ಸ್ವಿಚ್ ಆನ್ ಮಾಡಿದೆ. ಎರಡೂ ಮಾಮೂಲಿಯಾಗಿ ಆಫ್ ಇರುತ್ತವೆ. ಒಂದನ್ನು ಹಾಕಿದರೆ ಮ್ಯಾಕ್ರೋ ಇರುವ ಯಾವ ಫೈಲ್ ಬಂದರೂ ಅನುಮಾನಿತ ಎಂದು ಹಿಡಿಯುತ್ತದೆ. ಒಳ್ಳೆಯದೋ ಕೆಟ್ಟದ್ದೋ ನೋಡುವುದಿಲ್ಲ. ಇನ್ನೊಂದು, ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್‌ಗಳನ್ನು ಹಿಡಿಯುತ್ತದೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಅದು ಇಣುಕಿ ನೋಡಲಾರದು, ಹಾಗಾಗಿ ಪೆಟ್ಟಿಗೆಯನ್ನೇ ತಡೆಯುತ್ತದೆ. ಆಗ ಆ ಫ್ಯಾಕ್ಟರಿಗೆ ಇಂಥ ಫೈಲ್ ಕಳಿಸುವವರು ಯಾರೂ ಇರಲಿಲ್ಲ. ಎರಡು ವರ್ಷ ಏನೂ ತೊಂದರೆಯಾಗಲಿಲ್ಲ. ಸ್ವಿಚ್ ಹಾಕಿದ್ದು ನನಗೂ ಮರೆತುಹೋಯಿತು.

ಏಪ್ರಿಲ್‌ನಲ್ಲಿ ಶುರುವಾದದ್ದು

2024ರ ಏಪ್ರಿಲ್. ಯುಗಾದಿ ಹಿಂದೆಮುಂದೆ ಮ್ಯಾನೇಜರ್ ಫೋನ್ ಮಾಡಿದರು. ‘ಸರ್, ದೊಡ್ಡ ಪಾರ್ಟಿಯವರು ಪಿಒ ಕಳಿಸಿದ್ದೀವಿ ಅಂತಾರೆ. ನಮಗೆ ಬಂದೇ ಇಲ್ಲ. ಬೇರೆ ಮೇಲ್ ಎಲ್ಲಾ ಬರ್ತಾ ಇದೆ.’ ಪಿಒ ಅಂದರೆ ಪರ್ಚೇಸ್ ಆರ್ಡರ್, ಮಾಲು ಬೇಕೆಂದು ಕೊಳ್ಳುವವರು ಕಳಿಸುವ ಕಾಗದ.

ತುಮಕೂರಿನಲ್ಲಿ ಕೂತೇ ನಾನು ನೋಡಿದೆ. ಸ್ಪ್ಯಾಮ್ ಫೋಲ್ಡರ್ ಖಾಲಿ. ಬಾಕ್ಸ್ ತುಂಬಿರಲಿಲ್ಲ. ನಾನು ಕಳಿಸಿದ ಪರೀಕ್ಷೆಯ ಮೇಲ್ ಬಂತು, ಪಿಡಿಎಫ್ ಬಂತು, ಸಣ್ಣ ಎಕ್ಸೆಲ್ ಕೂಡ ಬಂತು. ಹಾಗಾದರೆ ಫೈಲ್ ದೊಡ್ಡದಿರಬೇಕು ಅಂದುಕೊಂಡೆ. ಪೋಸ್ಟ್‌ಫಿಕ್ಸ್ ತಾನಾಗಿ ಸುಮಾರು 10 ಎಂಬಿಗಿಂತ ದೊಡ್ಡ ಮೇಲ್ ತೆಗೆದುಕೊಳ್ಳುವುದಿಲ್ಲ. ಅಟ್ಯಾಚ್‌ಮೆಂಟನ್ನು ಅಕ್ಷರಗಳಾಗಿ ಬದಲಾಯಿಸಿ ಕಳಿಸುವುದರಿಂದ ಅದರ ಗಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. 8 ಎಂಬಿ ಫೈಲ್ ಕೂಡ ಆ ಮಿತಿ ದಾಟುತ್ತದೆ. ಮಿತಿಯನ್ನು 25 ಎಂಬಿಗೆ ಏರಿಸಿ ‘ಸರಿಯಾಯ್ತು’ ಎಂದು ಹೇಳಿಬಿಟ್ಟೆ.

ಸರಿಯಾಗಿರಲಿಲ್ಲ. ನಾನು ಅಲ್ಲೇ ಒಂದು ಸುಳಿವನ್ನು ಕೈಬಿಟ್ಟಿದ್ದೆ. ಗಾತ್ರ ಜಾಸ್ತಿ ಅಂತ ಸರ್ವರ್ ಬೇಡವೆಂದರೆ ಅದು ಬಾಗಿಲಲ್ಲೇ ಹೇಳುತ್ತದೆ. ಕಳಿಸಿದವರಿಗೆ ‘ನಿಮ್ಮ ಮೇಲ್ ತಲುಪಲಿಲ್ಲ’ ಎಂದು ವಾಪಸ್ ಬರುತ್ತದೆ. ಇಲ್ಲಿ ಕಳಿಸಿದವರಿಗೆ ಏನೂ ವಾಪಸ್ ಬಂದಿರಲಿಲ್ಲ. ಸದ್ದಿಲ್ಲದೆ ಮಾಯವಾಗಿದೆ ಅಂದರೆ ನಮ್ಮ ಬಾಗಿಲ ಒಳಗೇ ಏನೋ ಆಗಿರಬೇಕು, ಅಲ್ವಾ? ‘ಬೌನ್ಸ್ ಬಂತಾ?’ ಎಂಬ ಒಂದೇ ಪ್ರಶ್ನೆ ಆವತ್ತು ಕೇಳಿದ್ದರೆ ಎರಡು ವಾರ ಉಳಿಯುತ್ತಿತ್ತು.

ಆ ಎರಡು ವಾರದಲ್ಲಿ ಎರಡು ನಷ್ಟವಾಯಿತು. ಒಂದು, ಹೊರಗಿನ ಲ್ಯಾಬಿನ ವರದಿ ಬರಲಿಲ್ಲ. ಪುಡಿಯ ತೇವಾಂಶ ಶೇ. 3 ದಾಟಬಾರದು, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಲೇಬಾರದು. ಆ ವರದಿ ಇಲ್ಲದೆ ಕೊಳ್ಳುವವರು ಮಾಲು ಇಳಿಸಿಕೊಳ್ಳುವುದಿಲ್ಲ. ಲೋಡ್ ಆದ ಲಾರಿ ಒಂದೂವರೆ ದಿನ ಗೇಟಿನೊಳಗೇ ನಿಂತಿತ್ತು. ಡ್ರೈವರ್ ಪಾಪ ಲಾರಿಯಲ್ಲೇ ಮಲಗಿದ್ದ. ಎರಡನೆಯದು ಇನ್ನೂ ದೊಡ್ಡದು. ಒಂದು ಪಿಒಗೆ ಗಡುವಿನೊಳಗೆ ಉತ್ತರ ಹೋಗಲಿಲ್ಲ. ಆ ಲೋಡನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಯಜಮಾನರು ನನಗೆ ಬರಹೇಳಿದರು.

ಒಂದು ನೋಟ್‌ಬುಕ್ಕು

ಡಿಸ್ಪ್ಯಾಚ್ ನೋಡಿಕೊಳ್ಳುವ ಮೇಡಂ ಒಬ್ಬರಿದ್ದಾರೆ. ಅವರಿಗೆ ಸರ್ವರ್ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಅವರು ಏಪ್ರಿಲ್ ಮೊದಲ ವಾರದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಯಾರು ಕಳಿಸಿದ್ದು, ಯಾವ ತಾರೀಕು, ಎಷ್ಟು ಗಂಟೆಗೆ ಕಳಿಸಿದೆವು ಎಂದು ಫೋನಿನಲ್ಲಿ ಹೇಳಿದರು, ಬಂತೋ ಇಲ್ಲವೋ. ಒಟ್ಟು 14 ಸಾಲು. ‘ಯಾರಾದ್ರೂ ಕೇಳ್ತಾರೆ ಅಂತ ಬರ್ಕೊಂಡೆ ಸರ್’ ಅಂದರು.

ಈ ಪ್ರಕರಣದ ದಿಕ್ಕು ಬದಲಾದದ್ದು ಅಲ್ಲಿ. ಅಲ್ಲಿಯವರೆಗೆ ನನ್ನ ಹತ್ತಿರ ಇದ್ದದ್ದು ‘ಕೆಲವು ಬರುತ್ತವೆ, ಕೆಲವು ಬರಲ್ಲ’ ಎಂಬ ಮಾತು ಮಾತ್ರ. ಈಗ ಗಂಟೆ ನಿಮಿಷ ಸಿಕ್ಕಿತು. ಸರ್ವರ್ ತಾನು ಮಾಡಿದ್ದನ್ನೆಲ್ಲ ಸಮಯದೊಂದಿಗೆ ಬರೆದಿಡುವ ಲಾಗ್ ತೆರೆದು ಮೊದಲ ಸಾಲಿನ ಸಮಯ ಹುಡುಕಿದೆ. ಹತ್ತು ನಿಮಿಷದಲ್ಲಿ ಸಿಕ್ಕಿತು.

ಲಾಗಿನಲ್ಲಿ ಎರಡು ಸಾಲು ಮುಖ್ಯ. ಮೊದಲನೆಯದರಲ್ಲಿ, ಕಳಿಸಿದವರ ಸರ್ವರಿಗೆ ನಮ್ಮ ಪೋಸ್ಟ್‌ಫಿಕ್ಸ್ 250 ಎಂಬ ಉತ್ತರ ಕೊಟ್ಟಿತ್ತು. 250 ಅಂದರೆ ‘ತೆಗೆದುಕೊಂಡೆ, ಇನ್ನು ನನ್ನ ಜವಾಬ್ದಾರಿ’. ಕೆಲವು ಸೆಕೆಂಡು ಬಿಟ್ಟು ಎರಡನೆಯದರಲ್ಲಿ ಅಮಾವಿಸ್ ‘ಬ್ಲಾಕ್ಡ್ ಇನ್‌ಫೆಕ್ಟೆಡ್’ ಎಂದು ಬರೆದು, ಮೇಲನ್ನು ಕ್ವಾರಂಟೈನಿಗೆ ಹಾಕಿತ್ತು. ಕಾರಣದ ಜಾಗದಲ್ಲಿ ‘ಹ್ಯೂರಿಸ್ಟಿಕ್ಸ್’ ಎಂದು ಶುರುವಾಗುವ ಹೆಸರು, ಅದರ ಕೊನೆಗೆ ‘ಕಂಟೇನ್ಸ್ ಮ್ಯಾಕ್ರೋಸ್’. ನಾನು 2022ರಲ್ಲಿ ಹಾಕಿದ ಸ್ವಿಚ್.

ರಿಜಿಸ್ಟರ್ ಪೋಸ್ಟಿಗೆ ಸಹಿ ಹಾಕಿ ತೆಗೆದುಕೊಂಡು, ಕಾಗದವನ್ನು ಬೀರುವಿನಲ್ಲಿಟ್ಟು ಯಾರಿಗೂ ಹೇಳದೆ ಇದ್ದ ಹಾಗೆ. ಮೇಲ್ ಓಡಾಟದ ನಿಯಮ ಬರೆದಿರುವ ಆರ್‌ಎಫ್‌ಸಿ 5321 ಎಂಬ ದಾಖಲೆ 2008ರದ್ದು. ಅದು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಮ್ಮೆ ಒಪ್ಪಿಕೊಂಡ ಮೇಲೆ ತಲುಪಿಸಬೇಕು, ಇಲ್ಲವೇ ತಲುಪಿಸಲಾಗಲಿಲ್ಲ ಎಂದು ಹೇಳಬೇಕು. ನಮ್ಮ ಸರ್ವರ್ ಎರಡನ್ನೂ ಮಾಡಿರಲಿಲ್ಲ.

ಹಾಗಾದರೆ ಎಚ್ಚರಿಕೆ ಯಾರಿಗೂ ಹೋಗಲಿಲ್ಲವೇ? ಹೋಗಿತ್ತು. ಪ್ರತಿ ತಡೆಗೂ ಒಂದು ಸೂಚನೆ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸಕ್ಕೆ ಹೋಗುತ್ತಿತ್ತು. ಆ ವಿಳಾಸವನ್ನು ನಾನು ಮೊದಲಿದ್ದ ಆಫೀಸ್ ಹುಡುಗನ ಬಾಕ್ಸಿಗೆ ಜೋಡಿಸಿದ್ದೆ. ಆತ ಹಿಂದಿನ ವರ್ಷವೇ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ಬಾಕ್ಸ್ ಮಾತ್ರ ಉಳಿದಿತ್ತು. ಏಪ್ರಿಲ್‌ನ ಎಲ್ಲಾ ಸೂಚನೆಗಳೂ ಅದರಲ್ಲಿ ಸಾಲಾಗಿ ಕೂತಿದ್ದವು. ಒಂದನ್ನೂ ಯಾರೂ ತೆರೆದಿರಲಿಲ್ಲ.

ಏಪ್ರಿಲ್‌ನಲ್ಲೇ ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಹೊಸ ಆರ್ಥಿಕ ವರ್ಷದಿಂದ ದೊಡ್ಡ ಪಾರ್ಟಿಯವರು ಪಿಒ ನಮೂನೆಯನ್ನು ಮ್ಯಾಕ್ರೋ ಇರುವ ಎಕ್ಸೆಲ್‌ಗೆ ಬದಲಾಯಿಸಿದ್ದರು. ಅದೇ ತಿಂಗಳು ಲ್ಯಾಬಿನವರು ವರದಿಗಳನ್ನು ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ಕಳಿಸಲು ಶುರು ಮಾಡಿದ್ದರು. ಎರಡು ಬೇರೆ ಬೇರೆ ಕಾರಣ, ಒಂದೇ ಲಕ್ಷಣ. ಒಂದೇ ಕಾರಣ ಹುಡುಕುತ್ತಾ ಕೂತಿದ್ದಕ್ಕೆ ನಮಗೆ ಲೆಕ್ಕ ಹೊಂದುತ್ತಿರಲಿಲ್ಲ.

‘ತೆಗೆದು ಹಾಕಿಬಿಡು’

ಯಜಮಾನರಿಗೆ ವಿಷಯ ಹೇಳಿದೆ. ಅವರು ಎಲ್ಲಾ ಕೇಳಿಸಿಕೊಂಡು ಹೇಳಿದರು: ‘ನೋಡಪ್ಪಾ, ಆ ವೈರಸ್ ನೋಡೋದನ್ನ ತೆಗೆದು ಹಾಕಿಬಿಡು. ವೈರಸ್ ಬಂದ್ರೆ ಒಂದು ಕಂಪ್ಯೂಟರ್ ಹಾಳಾಗುತ್ತೆ. ಆರ್ಡರ್ ಹೋದ್ರೆ ನೂರು ಮನೆ ಒಲೆ ಆರುತ್ತೆ.’

ಆ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಅಲ್ಲಿ ಕಾಯಿ ಒಡೆಯುವವರು, ಸಿಪ್ಪೆ ಹೆರೆಯುವವರು ದಿನದ ಲೆಕ್ಕದ ಮೇಲೆ ದುಡಿಯುತ್ತಾರೆ. ಲೋಡ್ ಇಲ್ಲ ಅಂದರೆ ಕೂಲಿ ಇಲ್ಲ. ನಾನು ವಾದ ಮಾಡಲಿಲ್ಲ. ‘ಸಂಜೆವರೆಗೆ ಸಮಯ ಕೊಡಿ ಸಾರ್. ತಡೆದಿಟ್ಟ ಮೇಲ್‌ಗಳನ್ನು ಈಗಲೇ ಕೊಡುತ್ತೇನೆ. ಸಂಜೆ ತೀರ್ಮಾನ ಮಾಡೋಣ’ ಎಂದೆ. ಅವರು ಒಪ್ಪಿದರು.

ಕ್ವಾರಂಟೈನಿನಲ್ಲಿ 61 ಮೇಲ್ ಇದ್ದವು. ಒಂದೊಂದನ್ನೇ ಬಿಡಿಸಲು ಅಮಾವಿಸ್‌ನಲ್ಲಿ ಒಂದು ಕಮಾಂಡ್ ಇದೆ. ಎಲ್ಲವನ್ನೂ ಒಟ್ಟಿಗೆ ಬಿಡಿಸಲು ನಾನು ಒಂದು ಸಾಲು ಬರೆದೂ ಆಗಿತ್ತು. ಎಂಟರ್ ಒತ್ತುವುದಷ್ಟೇ ಬಾಕಿ. ಪಕ್ಕದಲ್ಲಿ ನಿಂತಿದ್ದ ಡಿಸ್ಪ್ಯಾಚ್ ಮೇಡಂ ಕೇಳಿದರು: ‘ಇವೆಲ್ಲಾ ನಮ್ಮವರೇ ಕಳಿಸಿದ್ದಾ ಸರ್?’

ನನಗೆ ಗೊತ್ತಿರಲಿಲ್ಲ. ಕೈ ತೆಗೆದೆ. ಇಬ್ಬರೂ ಕೂತು ಒಂದೊಂದೇ ನೋಡಿದೆವು. ಕ್ಲ್ಯಾಮ್‌ಎವಿ ಕೊಡುವ ಹೆಸರೇ ಬಹಳಷ್ಟು ಹೇಳುತ್ತದೆ. ‘ಹ್ಯೂರಿಸ್ಟಿಕ್ಸ್’ ಎಂದು ಶುರುವಾದರೆ ಅದು ನಿಯಮದ ಮೇಲೆ ಬಂದ ಅನುಮಾನ ಮಾತ್ರ. ‘ಡೌನ್‌ಲೋಡರ್’, ‘ಟ್ರೋಜನ್’ ಮುಂತಾದ ಪದಗಳಿರುವ ಹೆಸರಾದರೆ, ಗೊತ್ತಿರುವ ಕೆಟ್ಟ ಫೈಲಿನ ಗುರುತೇ ಸಿಕ್ಕಿದೆ ಎಂದರ್ಥ. 38 ಮೇಲ್‌ಗಳು ಮ್ಯಾಕ್ರೋ ಕಾರಣಕ್ಕೆ ಸಿಕ್ಕಿದ್ದವು, 19 ಪಾಸ್‌ವರ್ಡ್ ಜಿಪ್ ಕಾರಣಕ್ಕೆ. ಉಳಿದ 4 ನಿಜವಾದ ವೈರಸ್ಸು.

ಅಷ್ಟೇ ಆಗಿದ್ದರೆ 57 ಬಿಡಿಸಿ 4 ಅಳಿಸಬಹುದಿತ್ತು. ಆದರೆ 19ರಲ್ಲಿ ಒಂದು ಜಿಪ್ ಲಾರಿ ಬಾಡಿಗೆ ಬಿಲ್ ಎಂದು ಹೇಳಿಕೊಂಡಿತ್ತು. ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದಿದ್ದರು. ಮೇಡಂ ಲಾರಿ ಆಫೀಸಿಗೆ ಫೋನ್ ಮಾಡಿದರು. ಅವರು ಕಳಿಸಿರಲಿಲ್ಲ. ಇದು ಹಳೆಯ ಉಪಾಯ. ಎಮೋಟೆಟ್ ಎಂಬ ವೈರಸ್ ಜಾಲ 2020ರಲ್ಲಿ ಹೀಗೇ ಜಿಪ್‌ಗೆ ಬೀಗ ಹಾಕಿ, ಬೀಗದ ಕೈಯನ್ನು ಮೇಲ್‌ನಲ್ಲೇ ಕೊಟ್ಟು ಸ್ಕ್ಯಾನರುಗಳ ಕಣ್ಣು ತಪ್ಪಿಸುತ್ತಿತ್ತು. ಮನುಷ್ಯ ಬೀಗ ತೆಗೆಯುತ್ತಾನೆ, ಸ್ಕ್ಯಾನರ್ ತೆಗೆಯುವುದಿಲ್ಲ.

ಈ 5 ಮೇಲ್‌ಗಳನ್ನು ಯಜಮಾನರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಸರಿ, ಇರಲಿ. ಆದ್ರೆ ಇನ್ಮೇಲೆ ತಡೆದ್ರೆ ನಮಗೆ ಗೊತ್ತಾಗ್ಬೇಕು’ ಅಂದರು. ನಾನು ಮಾಡಬೇಕಾದ ಕೆಲಸವನ್ನು ಅವರು ಒಂದೇ ಸಾಲಿನಲ್ಲಿ ಹೇಳಿದ್ದರು.

ನಡುವೆ ಜನ ಹುಡುಕಿಕೊಂಡ ದಾರಿಗಳು

ಮೇಲ್ ಬರದಿದ್ದಾಗ ಆಫೀಸಿನವರು ಸುಮ್ನೆ ಕೂತಿರಲಿಲ್ಲ. ಪಾರ್ಟಿಯ ಕಡೆ ಹುಡುಗನೊಬ್ಬ ಫೈಲ್ ಹೆಸರಿನ ಬಾಲ, ಅಂದರೆ ಚುಕ್ಕೆಯ ನಂತರದ ಭಾಗ, ಬದಲಾಯಿಸಿ ಮಾಮೂಲಿ ಎಕ್ಸೆಲ್ ಎಂದು ಹೆಸರಿಟ್ಟು ಕಳಿಸಿದ್ದ. ಅದೂ ಸಿಕ್ಕಿಬಿತ್ತು. ಕ್ಲ್ಯಾಮ್‌ಎವಿ ಹೆಸರನ್ನು ನಂಬುವುದಿಲ್ಲ, ಫೈಲಿನ ಮೊದಲ ಅಕ್ಷರಗಳನ್ನು ಓದಿ ಅದು ಏನೆಂದು ತಿಳಿಯುತ್ತದೆ. ಈಗಿನ ಎಕ್ಸೆಲ್ ಫೈಲ್ ಅಸಲಿಗೆ ಒಂದು ಜಿಪ್. ಮ್ಯಾಕ್ರೋ ಅದರೊಳಗೆ ಬೇರೆಯೇ ಒಂದು ಕಡತವಾಗಿ ಇರುತ್ತದೆ. ಹೊರಗಿನ ಹೆಸರು ಬದಲಾದರೆ ಒಳಗಿನದು ಹೋಗುವುದಿಲ್ಲ. ಅದು ಬಂದಿದ್ದರೂ ಪ್ರಯೋಜನವಿರಲಿಲ್ಲ, ಹಾಗೆ ಹೆಸರು ಬದಲಾದ ಫೈಲನ್ನು ಎಕ್ಸೆಲ್ ತೆರೆಯಲು ಒಪ್ಪುವುದಿಲ್ಲ.

ಡಿಸ್ಪ್ಯಾಚ್ ಮೇಡಂ ತಮ್ಮ ಸ್ವಂತ ಜಿಮೇಲ್ ವಿಳಾಸ ಕೊಟ್ಟು ಕೆಲವು ಪಿಒ ತರಿಸಿಕೊಂಡಿದ್ದರು. ಫೋನಿನಲ್ಲಿ ನೋಡಿ, ವಾಟ್ಸಾಪಿನಲ್ಲಿ ಮ್ಯಾನೇಜರಿಗೆ ಕಳಿಸಿದ್ದರು. ಕಂಪನಿಯ ದರಗಳೆಲ್ಲ ಅವರ ಸ್ವಂತ ಫೋನಿನಲ್ಲಿ. ಅವರನ್ನು ಬೈಯಲು ನನಗೆ ಯಾವ ಅಧಿಕಾರವೂ ಇಲ್ಲ. ನಾನು ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಅವರು ಕಿಟಕಿ ಹುಡುಕಿಕೊಂಡಿದ್ದರು. ಎರಡು ಲೋಡ್ ಹೊರಟದ್ದು ಆ ಕಿಟಕಿಯಿಂದಲೇ.

ಏನು ಬದಲಾಯಿಸಿದೆವು

ಮೊದಲ ಬದಲಾವಣೆ ಆ ಸಂಜೆಯೇ ಆಯಿತು. ಮೇಲ್ ತಡೆದರೆ ಯಾರಿಗೆ ಬಂದದ್ದೋ ಅವರಿಗೇ ಸೂಚನೆ ಹೋಗಬೇಕು: ಯಾರು ಕಳಿಸಿದ್ದು, ವಿಷಯ ಏನು, ಯಾಕೆ ತಡೆದದ್ದು. ಅಮಾವಿಸ್‌ನಲ್ಲಿ ಇದಕ್ಕೆ ಒಂದು ಸೆಟ್ಟಿಂಗ್ ಸಾಕು. ಸೂಚನೆಯನ್ನು ಕನ್ನಡದಲ್ಲಿ ಬರೆದು ಹಾಕಿದೆ. ಪೋಸ್ಟ್‌ಮಾಸ್ಟರ್ ವಿಳಾಸವನ್ನು ಮ್ಯಾನೇಜರಿಗೂ ನನಗೂ ಜೋಡಿಸಿದೆ.

ಎರಡನೆಯದು ಕಷ್ಟದ್ದು. ಕಳಿಸಿದವರಿಗೂ ಗೊತ್ತಾಗಬೇಕಲ್ಲ? ತಡೆದ ಮೇಲೆ ‘ನಿಮ್ಮ ಮೇಲ್ ತಡೆದಿದ್ದೇವೆ’ ಎಂದು ವಾಪಸ್ ಬರೆಯುವುದು ಸುಲಭ ಅನ್ನಿಸುತ್ತದೆ. ಆದರೆ ವೈರಸ್ ಮೇಲ್‌ಗಳಲ್ಲಿ ಕಳಿಸಿದವರ ವಿಳಾಸ ಹೆಚ್ಚಾಗಿ ಸುಳ್ಳು. 2003ರಲ್ಲಿ ಸೋಬಿಗ್ ಎಂಬ ವೈರಸ್ ಹರಡಿದಾಗ ಸರ್ವರುಗಳು ಹೀಗೆ ವಾಪಸ್ ಬರೆದು, ಏನೂ ಮಾಡದವರ ಬಾಕ್ಸ್‌ಗಳನ್ನು ತುಂಬಿಸಿದ್ದವು. ಅದಕ್ಕೇ ಅಮಾವಿಸ್ ವೈರಸ್ ಕಂಡರೆ ಸದ್ದಿಲ್ಲದೆ ಬದಿಗಿಡುವುದು. ಹಾಗಾಗಿ ನಾವು ಸ್ಕ್ಯಾನನ್ನೇ ಬಾಗಿಲಿಗೆ ತಂದೆವು. ಈಗ 250 ಹೇಳುವ ಮೊದಲೇ ಫೈಲ್ ನೋಡಿ ಆಗಿರುತ್ತದೆ. ವೈರಸ್ ಇದ್ದರೆ 554 ಎಂದು ಕಾರಣದ ಜೊತೆ ಬೇಡವೆನ್ನುತ್ತದೆ. ನಿಜವಾಗಿ ಕಳಿಸಿದವರಿದ್ದರೆ ಅವರ ಸರ್ವರೇ ಅವರಿಗೆ ತಿಳಿಸುತ್ತದೆ. ದಿನಕ್ಕೆ ಕೆಲವು ನೂರು ಮೇಲ್ ಬರುವ ಜಾಗಕ್ಕೆ ಈ ಹೊರೆ ಏನೇನೂ ಅಲ್ಲ.

ಮೂರನೆಯದು ಪಾರ್ಟಿಯ ಪಿಒ. ಅವರ ವಿಳಾಸವನ್ನು ‘ಯಾವತ್ತೂ ತಡೆಯಬೇಡ’ ಪಟ್ಟಿಗೆ ಸೇರಿಸಿ ಎಂದು ಮ್ಯಾನೇಜರ್ ಹೇಳಿದರು. ನಾನು ಒಪ್ಪಲಿಲ್ಲ. ಕಳಿಸಿದವರ ವಿಳಾಸವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಮ್ಯಾಕ್ರೋ ಇಲ್ಲದ ಫೈಲ್ ಕಳಿಸಿ ಎಂದು ಪಾರ್ಟಿಯನ್ನು ಕೇಳಿದೆವು. ನಮೂನೆ ಹೆಡ್ ಆಫೀಸಿನದ್ದು, ಬದಲಾಯಿಸಲಾಗದು ಎಂದರು. ಕೊನೆಗೆ ಒಂದು ಸಣ್ಣ ಸಂದು ಮಾತ್ರ ಬಿಟ್ಟೆವು. ಮೇಲ್‌ನ ಡಿಕೆಐಎಂ ಸಹಿ, ಅಂದರೆ ಕಳಿಸುವ ಸರ್ವರ್ ಹಾಕುವ ಡಿಜಿಟಲ್ ಸಹಿ, ಪಾರ್ಟಿಯ ಡೊಮೈನಿನದ್ದೇ (ವಿಳಾಸದಲ್ಲಿ @ ನಂತರದ ಹೆಸರು) ಎಂದು ಸರಿಹೊಂದಬೇಕು. ಆಗ ಮಾತ್ರ, ಆರ್ಡರ್ ಬಾಕ್ಸಿಗೆ ಮಾತ್ರ, ಮ್ಯಾಕ್ರೋ ನಿಯಮ ಸಡಿಲ. ಗೊತ್ತಿರುವ ವೈರಸ್ಸಿಗೆ ಅಲ್ಲೂ ತಡೆ ಇದೆ. ಪಾರ್ಟಿಯವರ ಖಾತೆಯೇ ಕಳುವಾದರೆ ಈ ಸಹಿ ನಮ್ಮನ್ನು ಕಾಯುವುದಿಲ್ಲ. ಅದಕ್ಕಾಗಿ ಆ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡದಂತೆ ಮಾಡಿದೆ. ಮೇಡಂಗೆ ಬೇಕಾದದ್ದು ಎಷ್ಟು ಟನ್, ಯಾವ ದರ, ಯಾವ ತಾರೀಕು ಎಂಬುದಷ್ಟೇ. ಅದಕ್ಕೆ ಮ್ಯಾಕ್ರೋ ಬೇಕಿಲ್ಲ.

ಲ್ಯಾಬಿನವರು ಒಂದೇ ಫೋನಿನಲ್ಲಿ ಒಪ್ಪಿದರು. ಈಗ ಜಿಪ್ ಇಲ್ಲದೆ ಪಿಡಿಎಫ್ ಕಳಿಸುತ್ತಾರೆ.

ಕೊನೆಗೆ ಪರೀಕ್ಷೆ. ಇದಕ್ಕೆ ಐಕಾರ್ ಎಂಬ 68 ಅಕ್ಷರಗಳ ಒಂದು ಸಾಲು ಇದೆ. ಯಾರಿಗೂ ಏನೂ ಮಾಡುವುದಿಲ್ಲ, ಆದರೆ ಆ್ಯಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಹಿಡಿಯುತ್ತವೆ, ಪರೀಕ್ಷೆಗೆಂದೇ ಮಾಡಿದ್ದು. ನನ್ನ ಬೇರೆ ಸರ್ವರಿನಿಂದ ಕಳಿಸಿದೆ. 554 ಬಂತು. ಕಾರಣವೂ ಬಂತು.

ಆಮೇಲೆ

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೊರಗಿನ ಮೇಲ್‌ಗಳೆಲ್ಲ ನಿಂತವು. ವೈರಸ್ ಪಟ್ಟಿ ಹೊಸದಾಗಿ ಬಂದಾಗ ಕ್ಲ್ಯಾಮ್‌ಎವಿ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಮೆಮೊರಿಗೆ ತುಂಬುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಎರಡರಷ್ಟು ಮೆಮೊರಿ ಬೇಕು. ಮಾಮೂಲಿಯಾಗಿಯೇ 1 ಜಿಬಿ ಮೀರುತ್ತದೆ. ನಮ್ಮ ಸರ್ವರಿನಲ್ಲಿದ್ದದ್ದು 2 ಜಿಬಿ. ಸ್ಕ್ಯಾನರ್ ಸತ್ತುಬಿತ್ತು. ಆದರೆ ಈ ಸಲ ಒಂದು ಮೇಲೂ ಕಳೆಯಲಿಲ್ಲ. ಸ್ಕ್ಯಾನ್ ಆಗದ ಕಾರಣ ಸರ್ವರ್ ಬಾಗಿಲಲ್ಲೇ 451 ಎಂದಿತು, ಅಂದರೆ ‘ಈಗ ಆಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ’. ಹತ್ತೂವರೆಗೆ ಸರಿ ಮಾಡಿದೆ. ಹನ್ನೆರಡರೊಳಗೆ ಎಲ್ಲವೂ ತಾವಾಗಿ ಬಂದವು. ಅದೇ ವಾರ ಮೆಮೊರಿ 4 ಜಿಬಿ ಮಾಡಿಸಿದರು.

ಕಳೆದುಹೋದ ಆ ಒಂದು ಲೋಡ್ ವಾಪಸ್ ಬರಲಿಲ್ಲ. ಪಾರ್ಟಿ ಉಳಿಯಿತು.

ಮೇಡಂ ನೋಟ್‌ಬುಕ್ಕನ್ನು ಮುಂದುವರಿಸಿದ್ದಾರೆ. ತಡೆದ ಮೇಲ್‌ನ ಸೂಚನೆ ಬಂದರೆ ಮೊದಲು ಕಳಿಸಿದವರಿಗೆ ಫೋನ್ ಮಾಡುತ್ತಾರೆ, ಮೇಲ್‌ನಲ್ಲಿರುವ ನಂಬರಿಗಲ್ಲ, ತಮ್ಮ ಹತ್ತಿರ ಮೊದಲೇ ಇರುವ ನಂಬರಿಗೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಪಾರ್ಟಿಗೆ ಬಿಟ್ಟ ಸಂದಿನ ಬಗ್ಗೆಯೂ ಅದರ ಕೊನೆಯ ಪುಟದಲ್ಲಿ ನನ್ನ ಕೈಯಿಂದ ಬರೆಸಿಕೊಂಡಿದ್ದಾರೆ: ಯಾಕೆ ಬಿಟ್ಟದ್ದು, ಯಾರು ಒಪ್ಪಿದ್ದು, ಮತ್ತೆ ಯಾವಾಗ ಕೇಳಬೇಕು. ಮುಂದಿನ ಏಪ್ರಿಲ್ ಬಂದ ಕೂಡಲೇ ಫೋನ್ ಮಾಡಿ ನೆನಪಿಸಿದವರೂ ಅವರೇ. ಹೆಡ್ ಆಫೀಸ್ ನಮೂನೆ ಇನ್ನೂ ಬದಲಾಗಿರಲಿಲ್ಲ. ಅದರ ಕೆಳಗೆ ಇನ್ನೊಂದು ವರ್ಷದ ತಾರೀಕು ಬರೆದು ಇಬ್ಬರೂ ಸಹಿ ಹಾಕಿದೆವು.